ಹಳೆಯ ಸ್ವಚ್ಛ ವಾಹಿನಿಯ ಇಂಧನ ಮಿತವ್ಯಯ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ

ಪೀಠಿಕೆ

ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿ ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ಇಂದು ಪಂಚಾಯತಿಯ ದೈನಂದಿನ ಸೇವೆಗಳಲ್ಲಿ ಅತ್ಯಂತ ಗೋಚರವಾದುದು. ಅನೇಕ ಪಂಚಾಯತಿಗಳಲ್ಲಿ ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳ ಮಹಿಳೆಯರು ಚಾಲನಾ ತರಬೇತಿ ಪಡೆದು ಈ ವಾಹನಗಳ ಚಾಲಕಿಯರಾಗಿದ್ದಾರೆ. ವಾಹನವು ಹೊಸದಾಗಿದ್ದಾಗ ಡೀಸೆಲ್ ವೆಚ್ಚದ ಕುರಿತು ಸಭೆಗಳಲ್ಲಿ ಹೆಚ್ಚಿನ ಚರ್ಚೆ ನಡೆಯುವುದಿಲ್ಲ. ಐದಾರು ವರ್ಷ ಕಳೆದು ಅದೇ ಕೆಲಸಕ್ಕೆ ಹೆಚ್ಚು ಡೀಸೆಲ್ ಬೇಕಾದಾಗ ಬಿಲ್ಲಿನ ಮೊತ್ತ ಸಭೆಯ ಗಮನಕ್ಕೆ ಬರುತ್ತದೆ. ಆಗ ಮೊದಲು ಕೇಳಿಬರುವ ಮಾತು ಬಹುತೇಕ ಒಂದೇ: "ಡೀಸೆಲ್ ಎಲ್ಲಿಗೆ ಹೋಗುತ್ತಿದೆ?"

ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಅಳತೆಯಿಂದ ಉತ್ತರ ಹುಡುಕದೆ ಅನುಮಾನದಿಂದ ಉತ್ತರ ಕೊಟ್ಟಲ್ಲಿ ಎರಡು ಹಾನಿಗಳು ಸಂಭವಿಸುತ್ತವೆ. ಪ್ರಾಮಾಣಿಕ ಚಾಲಕಿಯ ಹೆಸರು ಊರಿನಲ್ಲಿ ಕೆಡುತ್ತದೆ; ಡೀಸೆಲ್ ವ್ಯರ್ಥವಾಗುತ್ತಿರುವ ನಿಜವಾದ ಕಾರಣ ಹಾಗೆಯೇ ಉಳಿಯುತ್ತದೆ. ಚಾಲಕಿಯನ್ನು ಬದಲಿಸಿದರೂ ಗಾಳಿಯಿಲ್ಲದ ಟೈರು ಬದಲಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಳೆಯ ಪಿಕಪ್ ವಾಹನದಲ್ಲಿ ಇಂಧನವು ಯಾವ ಯಾವ ದಾರಿಯಲ್ಲಿ ಖರ್ಚಾಗುತ್ತದೆ, ಅದನ್ನು ಅಳೆಯುವುದು ಹೇಗೆ, ಅದರಲ್ಲಿ ಚಾಲಕಿಯ ಕೈಯಲ್ಲಿರುವುದು ಎಷ್ಟು ಹಾಗೂ ಸಭೆಯ ಕೈಯಲ್ಲಿರುವುದು ಎಷ್ಟು ಎಂಬುದನ್ನು ಸದಸ್ಯರಿಗೆ ಮನವರಿಕೆ ಮಾಡಿಕೊಡುವುದು ಈ ಲೇಖನದ ಉದ್ದೇಶವಾಗಿದೆ.

1. ಕಸದ ವಾಹನದ ಸ್ಥಿತಿಯೇ ಬೇರೆ

ಡೀಸೆಲ್ಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ಚಕ್ರಗಳನ್ನು ತಲುಪುತ್ತದೆ. ಉಳಿದದ್ದು ಹೊಗೆಯ ಬಿಸಿಯಾಗಿ, ರೇಡಿಯೇಟರಿನ ಬಿಸಿಯಾಗಿ ಹೊರಹೋಗುತ್ತದೆ. ಚಕ್ರಗಳನ್ನು ತಲುಪಿದ ಶಕ್ತಿಯು ಮುಖ್ಯವಾಗಿ ಮೂರು ಕೆಲಸಗಳಿಗೆ ವಿನಿಯೋಗವಾಗುತ್ತದೆ: ಎದುರುಗಾಳಿಯನ್ನು ಸೀಳುವುದು, ಟೈರುಗಳ ಉರುಳು ತಡೆಯನ್ನು ಮೀರುವುದು, ನಿಂತ ವಾಹನವನ್ನು ಮತ್ತೆ ವೇಗಕ್ಕೆ ತರುವುದು.

ಹೆದ್ದಾರಿಯಲ್ಲಿ ಓಡುವ ಲಾರಿಗೆ ಎದುರುಗಾಳಿಯೇ ದೊಡ್ಡ ಶತ್ರು. ಗಾಳಿಯ ತಡೆಯು ವೇಗದ ವರ್ಗಕ್ಕನುಗುಣವಾಗಿ ಹೆಚ್ಚುವುದರಿಂದ ಅಲ್ಲಿ ವೇಗ ತಗ್ಗಿಸುವುದೇ ಮುಖ್ಯ ಉಪಾಯ. ಗ್ರಾಮದ ಬೀದಿಗಳಲ್ಲಿ ಗಂಟೆಗೆ 10ರಿಂದ 20 ಕಿ.ಮೀ. ವೇಗದಲ್ಲಿ ಸಾಗುವ ಸ್ವಚ್ಛ ವಾಹಿನಿಗೆ ಗಾಳಿಯ ತಡೆ ನಗಣ್ಯ. ಇಲ್ಲಿ ಇಂಧನವನ್ನು ನುಂಗುವವು ಟೈರುಗಳ ತಡೆ, ಪದೇ ಪದೇ ನಿಂತು ಹೊರಡುವುದು ಮತ್ತು ನಿಂತಲ್ಲಿಯೇ ಓಡುವ ಎಂಜಿನ್. ಆದುದರಿಂದ ಹೆದ್ದಾರಿಯ ವಾಹನಗಳಿಗೆ ಹೇಳುವ ಉಪದೇಶವನ್ನು ಇಲ್ಲಿಗೆ ಹಾಗೆಯೇ ತಂದರೆ ಪ್ರಯೋಜನವಿಲ್ಲ. ಅಂತೆಯೇ ತಯಾರಕರು ಪ್ರಕಟಿಸಿದ ಮೈಲೇಜ್ ಅಂಕಿಯೊಂದಿಗೆ ಅಥವಾ ನೆರೆಯ ಪಂಚಾಯತಿಯ ವಾಹನದೊಂದಿಗೆ ಹೋಲಿಸಿ ತೀರ್ಮಾನಿಸುವುದೂ ಸರಿಯಲ್ಲ. ಬಯಲು ನಾಡಿನ ಒತ್ತೊತ್ತಾದ ಊರಿಗೂ ಮಲೆನಾಡಿನ ಚದುರಿದ ಮನೆಗಳಿಗೂ ಒಂದೇ ಅಳತೆಗೋಲು ಸಲ್ಲದು.

ಪಂಚಾಯತಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಾಹನಗಳ ನಡುವೆಯೂ ಅಂತರವಿದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಮೂಲ ಮಾದರಿಯಲ್ಲಿದ್ದುದು ಎರಡು ಸಿಲಿಂಡರಿನ, ಸುಮಾರು 700 ಸಿಸಿ ಗಾತ್ರದ ಡೀಸೆಲ್ ಎಂಜಿನ್. ಬೊಲೆರೊ ಪಿಕಪ್‌ನ ಎಂಜಿನ್ ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದು. ಒಂದನ್ನು ಮತ್ತೊಂದರ ಲೆಕ್ಕದಲ್ಲಿ ತೂಗಿದರೆ ತೂಕ ತಪ್ಪುತ್ತದೆ. ಪ್ರತಿ ವಾಹನವನ್ನೂ ಅದರದೇ ಹಿಂದಿನ ದಾಖಲೆಯೊಂದಿಗೆ, ಸಾಧ್ಯವಾದಲ್ಲಿ ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸತಕ್ಕದ್ದು.

2. ಮೊದಲು ಅಳತೆ

ಇಂಧನ ಬಳಕೆಯನ್ನು ಅಳೆಯಲು ಯಾವ ಉಪಕರಣವೂ ಬೇಕಾಗಿಲ್ಲ. ಪೂರ್ಣ ಟ್ಯಾಂಕಿನಿಂದ ಪೂರ್ಣ ಟ್ಯಾಂಕಿಗೆ ಅಳೆಯುವ ವಿಧಾನವೇ ಸಾಕು.

ಮೊದಲ ದಿನ ಟ್ಯಾಂಕನ್ನು ಪೂರ್ಣ ತುಂಬಿಸಿ, ನಳಿಕೆಯು ತಾನಾಗಿ ನಿಂತ ಕೂಡಲೇ ನಿಲ್ಲಿಸಿ, ಓಡೋಮೀಟರ್ ಅಂಕಿಯನ್ನು ಬರೆದಿಡಬೇಕು. ವಾಹನವು ಎಂದಿನಂತೆ ಕೆಲಸ ಮಾಡಲಿ. ಟ್ಯಾಂಕಿನ ಬಹುಭಾಗ ಖಾಲಿಯಾದ ಮೇಲೆ ಅದೇ ಬಂಕಿನಲ್ಲಿ, ಅದೇ ಪಂಪಿನ ಬಳಿ, ವಾಹನವನ್ನು ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ಪೂರ್ಣ ತುಂಬಿಸಬೇಕು. ಓಡಿದ ಕಿ.ಮೀ.ಯನ್ನು ಎರಡನೆಯ ಬಾರಿ ಹಿಡಿಸಿದ ಲೀಟರುಗಳಿಂದ ಭಾಗಿಸಿದರೆ ನೈಜ ಮೈಲೇಜ್ ದೊರೆಯುತ್ತದೆ.

ಈ ವಿಧಾನದಲ್ಲಿ ಗಮನಿಸಬೇಕಾದ ಸೂಕ್ಷ್ಮಗಳು ಮೂರು.

ಮೊದಲನೆಯದು, ಅಳತೆಯ ಗಾತ್ರ. ನಳಿಕೆ ನಿಲ್ಲುವ ಹಂತದಲ್ಲಿ ಅರ್ಧ ಲೀಟರಿನಷ್ಟು ವ್ಯತ್ಯಾಸವಾಗುವುದು ಸಹಜ. ಕೇವಲ 5 ಲೀಟರ್ ಖರ್ಚಾದಾಗ ಅಳೆದರೆ ಆ ಅರ್ಧ ಲೀಟರು ಶೇ 10ರ ದೋಷವಾಗುತ್ತದೆ. 25 ಲೀಟರ್ ಖರ್ಚಾದ ಮೇಲೆ ಅಳೆದರೆ ಶೇ 2ಕ್ಕೆ ಇಳಿಯುತ್ತದೆ. ಆದುದರಿಂದ ಒಂದೆರಡು ದಿನದ ಅಳತೆಯ ಮೇಲೆ ಯಾರ ಕುರಿತೂ ತೀರ್ಮಾನಕ್ಕೆ ಬರಬಾರದು.

ಎರಡನೆಯದು, ಓಡೋಮೀಟರಿನ ನಿಖರತೆ. ಹಳೆಯ ವಾಹನಗಳಲ್ಲಿ ಇದರ ಕೇಬಲ್ ತುಂಡಾಗಿರುವುದುಂಟು. ಸವೆದ ಟೈರು ಅಥವಾ ಬೇರೆ ಅಳತೆಯ ಟೈರು ಹಾಕಿದಾಗ ಅಂಕಿ ತಪ್ಪುವುದೂ ಉಂಟು. ರಾಜ್ಯ ಹೆದ್ದಾರಿಯ ಮೈಲುಗಲ್ಲುಗಳ ನಡುವೆ 10 ಕಿ.ಮೀ. ಓಡಿಸಿ ಪರೀಕ್ಷಿಸಬಹುದು. ಓಡೋಮೀಟರ್ 10.8 ಎಂದು ತೋರಿಸಿದರೆ, ಪುಸ್ತಕದಲ್ಲಿ 12 ಎಂದು ಬರೆದ ಮೈಲೇಜ್ ವಾಸ್ತವದಲ್ಲಿ ಸುಮಾರು 11.1 ಮಾತ್ರ.

ಮೂರನೆಯದು, ಪುಸ್ತಕದ ಸಾಚಾತನ. ಮಳೆಗಾಲ, ಜಾತ್ರೆ, ಹಬ್ಬ, ರಸ್ತೆ ಕಾಮಗಾರಿ ಇವೆಲ್ಲ ಇಂಧನ ಬಳಕೆಯನ್ನು ಏರಿಳಿಸುತ್ತವೆ. ಹೀಗಿರುವಾಗ ವಾಹನ ದಿನಚರಿ ಪುಸ್ತಕದಲ್ಲಿ ಪ್ರತಿ ತಿಂಗಳೂ ಒಂದೇ ಅಂಕಿ ಕಾಣಿಸಿಕೊಂಡರೆ ಅದು ಉತ್ತಮ ನಿರ್ವಹಣೆಯ ಲಕ್ಷಣವಲ್ಲ. ಅಳೆಯದೆ ಬರೆದ ಲಕ್ಷಣ. ಏರಿಳಿತವಿರುವ ದಾಖಲೆಯೇ ಹೆಚ್ಚು ನಂಬಿಕೆಗೆ ಅರ್ಹವಾದುದು. ಅಂಕಿ ಇಳಿದ ತಿಂಗಳಲ್ಲಿ ಚಾಲಕಿಯನ್ನು ಗದರಿದರೆ ಮುಂದಿನ ತಿಂಗಳಿನಿಂದ ಪುಸ್ತಕವು ಸುಳ್ಳು ಹೇಳತೊಡಗುತ್ತದೆ ಎಂಬುದನ್ನು ಸದಸ್ಯರು ಮರೆಯಬಾರದು.

ದಿನಚರಿ ಪುಸ್ತಕದಲ್ಲಿ ದಿನಾಂಕ, ಹೊರಟಾಗಿನ ಮತ್ತು ಮರಳಿದಾಗಿನ ಓಡೋಮೀಟರ್ ಅಂಕಿ, ಸಂಚರಿಸಿದ ಗ್ರಾಮಗಳು, ಕಸ ಸಂಗ್ರಹಿಸಿದ ಮನೆಗಳ ಸಂಖ್ಯೆ, ಘಟಕಕ್ಕೆ ಹೋದ ಸುತ್ತುಗಳು, ಹಾಕಿಸಿದ ಡೀಸೆಲ್ ಮತ್ತು ಬಿಲ್ ಸಂಖ್ಯೆ ಇವಿಷ್ಟು ಕಲಂಗಳಿದ್ದರೆ ಸಾಕು. ಮನೆಗಳ ಸಂಖ್ಯೆಯ ಕಲಂ ಅನವಶ್ಯಕವೆಂದು ತೋರಬಹುದು. ಆದರೆ ಕಸದ ವಾಹನದ ಕೆಲಸವು ಓಡಿದ ದೂರದಲ್ಲಿಲ್ಲ, ತಲುಪಿದ ಮನೆಗಳಲ್ಲಿದೆ. ಹೊಸ ಬಡಾವಣೆಯೊಂದು ಸೇರ್ಪಡೆಯಾಗಿ 80 ಮನೆಗಳು ಹೆಚ್ಚಿದ ತಿಂಗಳಲ್ಲಿ ಡೀಸೆಲ್ ಹೆಚ್ಚಿದ್ದರೆ ಅದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ.

3. ಮೈಲೇಜ್ ಅಂಕಿಯನ್ನು ಓದುವ ಬಗೆ

ಲೀಟರಿಗೆ ಎಷ್ಟು ಕಿ.ಮೀ. ಎಂಬ ರೂಢಿಯ ಅಳತೆಯು ಕೆಲವೊಮ್ಮೆ ಕಣ್ಣಿಗೆ ಮೋಸ ಮಾಡುತ್ತದೆ. ಒಂದು ವಾಹನದ ಮೈಲೇಜ್ 8ರಿಂದ 10ಕ್ಕೆ ಏರಿತು, ಮತ್ತೊಂದರದು 14ರಿಂದ 16ಕ್ಕೆ ಏರಿತು ಎಂದಿಟ್ಟುಕೊಳ್ಳಬಹುದು. ಎರಡರಲ್ಲಿಯೂ ಏರಿಕೆ 2 ಕಿ.ಮೀ. ಆದರೆ 1,000 ಕಿ.ಮೀ. ಓಟಕ್ಕೆ ಮೊದಲ ವಾಹನವು 125 ಲೀಟರಿನ ಬದಲು 100 ಲೀಟರ್ ಕುಡಿದು 25 ಲೀಟರ್ ಉಳಿಸುತ್ತದೆ. ಎರಡನೆಯದು ಸುಮಾರು 71.5 ಲೀಟರಿನ ಬದಲು 62.5 ಲೀಟರ್ ಕುಡಿದು 9 ಲೀಟರ್ ಮಾತ್ರ ಉಳಿಸುತ್ತದೆ. ಅತ್ಯಂತ ಕಳಪೆ ಸ್ಥಿತಿಯಲ್ಲಿರುವ ಹಳೆಯ ವಾಹನದ ಕಡೆಗೆ ಮೊದಲು ಗಮನ ಹರಿಸಿದರೆ ಹಣ ಹೆಚ್ಚು ಉಳಿಯುತ್ತದೆ ಎಂಬುದು ಇದರ ತಾತ್ಪರ್ಯ.

ಸದಸ್ಯರ ಅನುಕೂಲಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ವಾಹನವೊಂದು ದಿನಕ್ಕೆ 36 ಕಿ.ಮೀ.ಯಂತೆ ತಿಂಗಳಿಗೆ 26 ದಿನ, ಅಂದರೆ 936 ಕಿ.ಮೀ. ಓಡುತ್ತದೆ. ಮೈಲೇಜ್ 9 ಇದ್ದಾಗ 104 ಲೀಟರ್ ಬೇಕು; 12 ಇದ್ದಾಗ 78 ಲೀಟರ್ ಸಾಕು. ತಿಂಗಳಿಗೆ 26 ಲೀಟರ್, ವರ್ಷಕ್ಕೆ 312 ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಎಂದು ಲೆಕ್ಕ ಹಿಡಿದರೆ 28,080 ರೂಪಾಯಿ. ಆಯಾ ಪಂಚಾಯತಿಯು ತನ್ನ ವಾಹನದ ಅಂಕಿ ಮತ್ತು ಅಂದಿನ ದರವನ್ನು ಇದೇ ಲೆಕ್ಕದಲ್ಲಿ ಹಾಕಿಕೊಳ್ಳತಕ್ಕದ್ದು.

4. ವಾಹನದ ಸ್ಥಿತಿ

ಹಳೆಯ ವಾಹನದಲ್ಲಿ ಇಂಧನವು ಒಂದೇ ದೊಡ್ಡ ರಂಧ್ರದಿಂದ ಸೋರುವುದಿಲ್ಲ; ಹಲವು ಸಣ್ಣ ದೋಷಗಳು ಕೂಡಿ ನಷ್ಟ ದೊಡ್ಡದಾಗುತ್ತದೆ. ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದವುಗಳಿಂದ ಆರಂಭಿಸುವುದು ಜಾಣತನ.

ಟೈರಿನ ಗಾಳಿ: ಗಾಳಿ ಕಡಿಮೆಯಿರುವ ಟೈರು ನೆಲಕ್ಕೆ ಹೆಚ್ಚು ಅಂಟಿ, ಪ್ರತಿ ಸುತ್ತಿಗೂ ಹೆಚ್ಚು ಬಾಗಿ, ಬಿಸಿಯಾಗಿ ಶಕ್ತಿಯನ್ನು ಕಳೆಯುತ್ತದೆ. ಗಾಳಿಯ ಒತ್ತಡವನ್ನು ವಾರಕ್ಕೊಮ್ಮೆ, ಬೆಳಗ್ಗೆ ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು. ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಒತ್ತಡ ಬೇರೆ ಬೇರೆಯಾಗಿರುತ್ತದೆ. ವಾಹನದ ಕೈಪಿಡಿಯಲ್ಲಿ ಹೇಳಿದ ಅಂಕಿಯನ್ನು ಚಾಲಕಿಯ ಆಸನದ ಎದುರು ಬರೆದು ಅಂಟಿಸಬೇಕು. ಒತ್ತಡ ಅಳೆಯುವ ಗೇಜ್ ದುಬಾರಿಯ ವಸ್ತುವಲ್ಲ; ಪಂಚಾಯತಿಯೇ ಒಂದನ್ನು ಖರೀದಿಸಿ ವಾಹನದಲ್ಲಿಡುವುದು ಯೋಗ್ಯ. ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ ಎಂದರ್ಥ.

ಗಾಳಿ ಶೋಧಕ: ಬೇಸಿಗೆಯಲ್ಲಿ ಮಣ್ಣಿನ ರಸ್ತೆಗಳಲ್ಲಿ ಓಡುವ ವಾಹನದ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಎಂಜಿನ್ನಿಗೆ ಸಾಕಷ್ಟು ಗಾಳಿ ದೊರೆಯದಿದ್ದರೆ ಡೀಸೆಲ್ ಪೂರ್ಣವಾಗಿ ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಗಾಳಿ ಊದುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಊದಬೇಕು; ಹೊರಗಿನಿಂದ ಊದಿದರೆ ಧೂಳು ಕಾಗದದೊಳಗೆ ನಾಟಿಕೊಳ್ಳುತ್ತದೆ. ಫಿಲ್ಟರ್ ತೆಗೆದಿಟ್ಟು ವಾಹನ ಓಡಿಸುವುದು ಸಿಲಿಂಡರನ್ನೇ ಸವೆಸುವ ಕೆಲಸ.

ಬ್ರೇಕು ಮತ್ತು ಕ್ಲಚ್ಚು: ದಿನವಿಡೀ ನಿಂತು ಹೊರಡುವ ವಾಹನದಲ್ಲಿ ಬ್ರೇಕು ಅರೆಬರೆ ಹಿಡಿದುಕೊಂಡೇ ಇರುವುದು ಸಾಮಾನ್ಯ ದೋಷ. ಗ್ಯಾರೇಜಿನಲ್ಲಿ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದಾಗ ಸರಾಗವಾಗಿ ತಿರುಗಬೇಕು. ಸ್ವಲ್ಪ ದೂರ ಬ್ರೇಕು ಹೆಚ್ಚು ಬಳಸದೆ ಓಡಿಸಿದ ಮೇಲೆ ಒಂದು ಚಕ್ರದ ಡ್ರಮ್ ಮಾತ್ರ ಬಹಳ ಬಿಸಿಯಾಗಿದ್ದರೆ ಅಲ್ಲಿ ದೋಷವಿದೆ. ಎಂಜಿನ್ ಸದ್ದು ಏರಿದರೂ ವಾಹನ ಅದಕ್ಕೆ ತಕ್ಕಂತೆ ಮುಂದೆ ಹೋಗದಿದ್ದರೆ ಕ್ಲಚ್ಚು ಜಾರುತ್ತಿದೆ.

ಥರ್ಮೋಸ್ಟಾಟ್: ಎಂಜಿನ್ ಬೇಗ ಬಿಸಿಯಾಗುತ್ತದೆಂದು ಕೆಲವೆಡೆ ದುರಸ್ತಿಗಾರರು ಈ ಕವಾಟವನ್ನು ತೆಗೆದುಬಿಡುವುದುಂಟು. ಅದರಿಂದ ಎಂಜಿನ್ ಸರಿಯಾದ ಉಷ್ಣತೆಗೆ ಬರುವುದೇ ಇಲ್ಲ. ತಣ್ಣಗಿನ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ, ಬೇಗ ಸವೆಯುತ್ತದೆ. ರೇಡಿಯೇಟರಿನ ದೋಷವನ್ನು ಸರಿಪಡಿಸಿ ಕವಾಟವನ್ನು ಮರಳಿ ಹಾಕಿಸತಕ್ಕದ್ದು.

ನಳಿಕೆ, ಫಿಲ್ಟರ್ ಮತ್ತು ಸೋರಿಕೆ: ಇಂಜೆಕ್ಟರ್ ನಳಿಕೆಗಳು ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಬೇಕು, ಸವೆದ ನಳಿಕೆಯು ಹನಿಹನಿಯಾಗಿ ಸುರಿಸುತ್ತದೆ. ಡೀಸೆಲ್ ಪಂಪ್ ದುರಸ್ತಿ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಬಹುದು. ಡೀಸೆಲ್ ಫಿಲ್ಟರಿನಲ್ಲಿ ಸೇರಿದ ನೀರನ್ನು ಕಾಲಕಾಲಕ್ಕೆ ಹೊರಬಿಡಬೇಕು. ಟ್ಯಾಂಕಿನ ಮುಚ್ಚಳ ಮತ್ತು ಮರಳು ಕೊಳವೆಯ ಸೋರಿಕೆಯನ್ನು ರಾತ್ರಿ ವಾಹನ ನಿಂತ ಜಾಗದ ನೆಲವನ್ನು ನೋಡಿಯೇ ಕಂಡುಹಿಡಿಯಬಹುದು.

ಸದಸ್ಯರು ಬೀದಿಯಲ್ಲಿ ನಿಂತು ಗಮನಿಸಬಹುದಾದ ಮತ್ತೊಂದು ಸೂಚನೆ ಹೊಗೆಯ ಬಣ್ಣ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಮಿತಿಮೀರಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೆಯೂ ನಿಲ್ಲದ ಬಿಳಿ ಹೊಗೆಯು ಡೀಸೆಲ್ ಉರಿಯದೆ ಹೋಗುತ್ತಿರುವುದನ್ನು ಅಥವಾ ರೇಡಿಯೇಟರಿನ ನೀರು ಸಿಲಿಂಡರಿಗೆ ಸೇರುತ್ತಿರುವುದನ್ನು ಸೂಚಿಸಬಹುದು.

5. ಬ್ಯಾಟರಿಯ ಪಾಠ

ನಿಂತ ವಾಹನದಲ್ಲಿ ಓಡುತ್ತಿರುವ ಎಂಜಿನ್ ಲೀಟರಿಗೆ ಸೊನ್ನೆ ಕಿ.ಮೀ. ಮೈಲೇಜ್ ಕೊಡುತ್ತದೆ. ಸಣ್ಣ ಡೀಸೆಲ್ ಎಂಜಿನ್‌ಗಳು ಹೀಗೆ ನಿಂತಲ್ಲಿಯೇ ಗಂಟೆಗೆ ಕಾಲು ಲೀಟರಿನಿಂದ ಮುಕ್ಕಾಲು ಲೀಟರಿನವರೆಗೆ ಕುಡಿಯುತ್ತವೆ. ಮೇಲಿನ ಕಲ್ಪಿತ ವಾಹನವು ದಿನಕ್ಕೆ 60 ಕಡೆ, ಪ್ರತಿ ಕಡೆ 2 ನಿಮಿಷ ನಿಂತರೆ ಒಟ್ಟು 2 ಗಂಟೆಗಳಾದವು. ಗಂಟೆಗೆ 0.4 ಲೀಟರಿನಂತೆ ದಿನಕ್ಕೆ 0.8 ಲೀಟರ್, 26 ದಿನಕ್ಕೆ ಸುಮಾರು 21 ಲೀಟರ್. ಇದರಲ್ಲಿ ಅರ್ಧದಷ್ಟು ಸಮಯ ಎಂಜಿನ್ ಆರಿಸಿದರೂ ತಿಂಗಳಿಗೆ 10 ಲೀಟರ್ ಉಳಿಯುತ್ತದೆ.

ಹಾಗಾದರೆ ಚಾಲಕಿ ಎಂಜಿನ್ ಆರಿಸುವುದಿಲ್ಲವೇಕೆ? ಅಲಕ್ಷ್ಯವೇ ಕಾರಣವೆಂದು ಭಾವಿಸುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಬೇಕು. ಬ್ಯಾಟರಿ ಅಥವಾ ಸ್ಟಾರ್ಟರ್ ದುರ್ಬಲವಾಗಿರುವ ವಾಹನದಲ್ಲಿ ಒಮ್ಮೆ ಆರಿಸಿದ ಎಂಜಿನ್ ಮತ್ತೆ ಹೊತ್ತಿಕೊಳ್ಳುವ ಭರವಸೆಯಿರುವುದಿಲ್ಲ. ಕಸ ತುಂಬಿದ ವಾಹನವನ್ನು ನಡುಬೀದಿಯಲ್ಲಿ ತಳ್ಳಿಸುವ ಮುಜುಗರವನ್ನು ಒಮ್ಮೆ ಅನುಭವಿಸಿದ ಚಾಲಕಿಯು ಮನೆಗೆ ಮರಳುವವರೆಗೆ ಎಂಜಿನ್ ಆರಿಸುವುದಿಲ್ಲ. ಹೊಸ ಬ್ಯಾಟರಿಯ ಖರ್ಚನ್ನು ಉಳಿಸಲೆಂದು ಸಭೆಯು ಮುಂದೂಡಿದ ಪ್ರಸ್ತಾವನೆಯು ಪ್ರತಿ ತಿಂಗಳ ಡೀಸೆಲ್ ಬಿಲ್ಲಿನಲ್ಲಿ ಸೇರಿಕೊಂಡು ಬರುತ್ತಿರುತ್ತದೆ. ಚಾಲಕಿಯ ತಪ್ಪಿನಂತೆ ಕಾಣುವ ಅನೇಕ ನಷ್ಟಗಳ ಮೂಲವು ಸಭೆಯ ನಿರ್ಣಯ ಪುಸ್ತಕದಲ್ಲಿದೆ ಎಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ಬ್ಯಾಟರಿ ಸುಸ್ಥಿತಿಯಲ್ಲಿದ್ದಲ್ಲಿ, ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಕಡೆ ಎಂಜಿನ್ ಆರಿಸುವುದನ್ನು ರೂಢಿಗೆ ತರಬಹುದು. ಟರ್ಬೊ ಇರುವ ಎಂಜಿನ್‌ಗಳನ್ನು ಭಾರ ಎಳೆದು ಬಂದ ಕೂಡಲೇ ಆರಿಸದೆ ಸ್ವಲ್ಪ ಹೊತ್ತು ನಿಧಾನಗತಿಯಲ್ಲಿ ಬಿಟ್ಟು ಆರಿಸಬೇಕು.

6. ದಾರಿ ಮತ್ತು ಹೊರೆ

ಮೈಲೇಜ್ ಹೆಚ್ಚಿಸುವುದಕ್ಕಿಂತ ಓಡಬೇಕಾದ ದೂರವನ್ನೇ ಕಡಿಮೆ ಮಾಡುವುದು ಸುಲಭ. ಓಡದ ಕಿಲೋಮೀಟರಿಗೆ ಡೀಸೆಲ್ ಬೇಡ.

ಕಲ್ಪಿತ ವಾಹನದ 36 ಕಿ.ಮೀ.ಯಲ್ಲಿ 22 ಕಿ.ಮೀ. ಮಾತ್ರ ಕಸ ಸಂಗ್ರಹದ ಓಟವಾಗಿದ್ದು, ಉಳಿದ 14 ಕಿ.ಮೀ. ನಿಲುಗಡೆ ಸ್ಥಳದಿಂದ ಮೊದಲ ಮನೆಗೆ, ಊರಿನಿಂದ ಊರಿಗೆ, ಘಟಕದಿಂದ ಹಿಂದಕ್ಕೆ ಸಾಗುವ ಖಾಲಿ ಓಟವೆಂದು ಭಾವಿಸಬಹುದು. ಗ್ರಾಮಗಳ ಸರದಿಯನ್ನು ಬದಲಿಸಿ ಇದರಲ್ಲಿ 6 ಕಿ.ಮೀ. ತಗ್ಗಿಸಿದರೆ ದಿನದ ಓಟ 30 ಕಿ.ಮೀ., ತಿಂಗಳಿಗೆ 780 ಕಿ.ಮೀ. ಮೈಲೇಜ್ 12 ಇದ್ದಲ್ಲಿ 65 ಲೀಟರ್ ಸಾಕು. ಆರಂಭದ 104 ಲೀಟರಿನಿಂದ 65ಕ್ಕೆ ಇಳಿದಂತಾಯಿತು. ವರ್ಷಕ್ಕೆ 468 ಲೀಟರ್, ಅದೇ ದರದಲ್ಲಿ 42,120 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ವರ್ಷಕ್ಕೆ ಒಂದೂಕಾಲು ಟನ್ನಿನಷ್ಟು ಹೊಗೆಯೂ ಕಡಿಮೆಯಾಗುತ್ತದೆ.

ಸರದಿಯನ್ನು ನಿರ್ಧರಿಸುವಾಗ ಎರಡು ಸೂತ್ರಗಳನ್ನು ಪಾಲಿಸಬಹುದು. ಖಾಲಿ ವಾಹನವು ಮೊದಲು ಅತಿ ದೂರದ ಗ್ರಾಮಕ್ಕೆ ಹೋಗಿ, ಅಲ್ಲಿಂದ ಘಟಕದ ಕಡೆಗೆ ಸಂಗ್ರಹಿಸುತ್ತ ಬಂದರೆ ಭಾರವನ್ನು ಕಡಿಮೆ ದೂರ ಹೊತ್ತಂತಾಗುತ್ತದೆ. ಏರು ದಾರಿಯನ್ನು ಖಾಲಿಯಾಗಿ, ಇಳಿಜಾರನ್ನು ಹೊರೆಯೊಂದಿಗೆ ಕ್ರಮಿಸುವಂತೆ ಯೋಜಿಸುವುದು ಸಾಧ್ಯವಿದ್ದಲ್ಲಿ ಇನ್ನೂ ಉತ್ತಮ. ಈ ಯೋಜನೆಯನ್ನು ನಕ್ಷೆಯ ಮುಂದೆ ಕುಳಿತು ಚಾಲಕಿ ಮತ್ತು ಸಹಾಯಕಿಯರೊಂದಿಗೆ ಸಿದ್ಧಪಡಿಸಬೇಕು. ಯಾವ ಓಣಿಯಲ್ಲಿ ವಾಹನ ತಿರುಗುವುದಿಲ್ಲ, ಯಾವ ಊರಿನವರು ಎಷ್ಟು ಗಂಟೆಗೆ ಹೊಲಕ್ಕೆ ಹೋಗುತ್ತಾರೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಹೊರೆಯ ವಿಷಯದಲ್ಲಿ ಹಸಿ ಕಸವೇ ಮುಖ್ಯ. ಅದರ ತೂಕದ ಬಹುಭಾಗ ನೀರು. ಹಸಿ ಕಸವು ಮನೆಯ ತಿಪ್ಪೆಯಲ್ಲಿಯೋ ಗೊಬ್ಬರದ ಗುಂಡಿಯಲ್ಲಿಯೋ ಉಳಿದರೆ ವಾಹನವು ನೀರನ್ನು ಹೊತ್ತು ತಿರುಗುವುದು ತಪ್ಪುತ್ತದೆ. ಒಣ ಕಸ ಮಾತ್ರವಾದರೆ ಅದು ಕೊಳೆಯುವುದಿಲ್ಲವಾದ್ದರಿಂದ ಪ್ರತಿ ಮನೆಗೆ ಪ್ರತಿದಿನ ಹೋಗಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ನಿಗದಿತ ದಿನಗಳು ಸಾಕಾಗಬಹುದು. ಮೂಲದಲ್ಲಿಯೇ ಕಸ ಬೇರ್ಪಡಿಸುವಂತೆ ಜನರ ಮನವೊಲಿಸುವುದು ವಾರ್ಡಿನ ಸದಸ್ಯರಿಂದ ಆಗಬೇಕಾದ ಕೆಲಸ. ಡೀಸೆಲ್ ಉಳಿತಾಯದಲ್ಲಿ ಅತಿ ದೊಡ್ಡ ಪಾಲು ಈ ಕೆಲಸದಿಂದಲೇ ಬರುತ್ತದೆ.

ವಾಹನದ ಡಬ್ಬಿಯ ತಳದಲ್ಲಿ ನೀರು ಹರಿದುಹೋಗುವ ರಂಧ್ರಗಳು ಕಟ್ಟಿಕೊಂಡಿದ್ದರೆ ಮಳೆನೀರು ತುಂಬಿ ನಿರರ್ಥಕ ಭಾರವಾಗುತ್ತದೆ. ಮಳೆಗಾಲದಲ್ಲಿ ಮೇಲ್ಹೊದಿಕೆ ಹಾಕುವುದು, ತಿಂಗಳಿಗೊಮ್ಮೆ ತಳದ ಕೆಸರು ಕೆರೆದು ತೆಗೆಯುವುದು ಚಿಕ್ಕ ಕೆಲಸಗಳಾದರೂ ಫಲಕಾರಿ.

7. ಚಾಲನೆಯ ರೀತಿ

ಚಾಲಕಿಯ ಕೈಯಲ್ಲಿರುವ ಉಳಿತಾಯವೂ ಇದೆ. ವೇಗ ಎರಡು ಪಟ್ಟಾದರೆ ವಾಹನಕ್ಕೆ ತುಂಬಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಎರಡು ನಿಲುಗಡೆಗಳ ನಡುವೆ 20ರ ಬದಲು 40ರ ವೇಗಕ್ಕೆ ಏರಿಸಿ ಬ್ರೇಕು ತುಳಿದರೆ ಆ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಮುಂದಿನ ನಿಲುಗಡೆ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರಿನಲ್ಲಿಯೇ ವಾಹನವನ್ನು ನಿಧಾನವಾಗಲು ಬಿಡುವುದು ಸರಿಯಾದ ಕ್ರಮ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದನ್ನು ಬಿಡಬೇಕು. ಎಂಜಿನ್ ನಡುಗುವಷ್ಟು ಮೇಲಿನ ಗೇರಿನಲ್ಲಿಯೂ ಅರಚುವಷ್ಟು ಕೆಳಗಿನ ಗೇರಿನಲ್ಲಿಯೂ ಓಡಿಸಬಾರದು.

ಇಳಿಜಾರಿನಲ್ಲಿ ಗೇರು ತಪ್ಪಿಸಿ ಅಥವಾ ಎಂಜಿನ್ ಆರಿಸಿ ವಾಹನವನ್ನು ಉರುಳಬಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟ ವಾಹನದಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಡೀಸೆಲ್ ಪೂರೈಕೆ ಬಹುತೇಕ ನಿಂತೇ ಇರುತ್ತದೆ. ಗೇರು ತಪ್ಪಿಸಿದರೆ ಉಳಿತಾಯವೇನೂ ಆಗದು. ಎಂಜಿನ್ ಆರಿಸಿದಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತವೂ ಪವರ್ ಸ್ಟಿಯರಿಂಗಿನ ನೆರವೂ ಇಲ್ಲವಾಗಿ ಪ್ರಾಣಾಪಾಯವುಂಟು. ಮೈಲೇಜ್ ಹೆಚ್ಚಿಸಬೇಕೆಂಬ ಒತ್ತಡವು ಚಾಲಕಿಯನ್ನು ಇಂತಹ ದಾರಿಗೆ ತಳ್ಳದಂತೆ ಸಭೆಯು ಎಚ್ಚರ ವಹಿಸತಕ್ಕದ್ದು.

ಇಂಧನ ಉಳಿಸುತ್ತವೆಂದು ಮಾರಾಟವಾಗುವ ಗುಳಿಗೆ, ಅಯಸ್ಕಾಂತದ ಪಟ್ಟಿ ಮುಂತಾದವುಗಳಿಗೆ ಪಂಚಾಯತಿಯ ಹಣ ವ್ಯಯಿಸಬಾರದು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದು ಕಾನೂನುಬಾಹಿರ. ಡೀಸೆಲ್ಲಿನ ಜಿಡ್ಡಿನಿಂದಲೇ ನಯವಾಗಿರುವ ಪಂಪಿನ ಭಾಗಗಳು ಅದರಿಂದ ಬೇಗ ಹಾಳಾಗುತ್ತವೆ.

8. ಅನುಮಾನ ಉಂಟಾದಾಗ ಅನುಸರಿಸಬೇಕಾದ ಕ್ರಮ

ಬಳಕೆ ಹೆಚ್ಚಿದೆ ಎಂದು ಕಂಡುಬಂದಾಗ ಪರಿಶೀಲನೆಯ ಕ್ರಮವು ಹೀಗಿರಬೇಕು: ಮೊದಲು ಅಳತೆ, ಆನಂತರ ವಾಹನ, ಆನಂತರ ದಾರಿ, ಕೊನೆಗೆ ವ್ಯಕ್ತಿ.

ಅಳತೆಯ ಹಂತದಲ್ಲಿ ಬಂಕಿನ ಪ್ರಮಾಣವನ್ನೂ ಪರೀಕ್ಷಿಸಬಹುದು. ಪ್ರತಿ ಬಂಕಿನಲ್ಲಿ ಮುದ್ರೆಯೊತ್ತಿದ 5 ಲೀಟರಿನ ಅಳತೆ ಪಾತ್ರೆ ಇರಬೇಕಾಗಿದ್ದು, ಗ್ರಾಹಕರು ಕೇಳಿದಲ್ಲಿ ಅದರಿಂದ ಅಳೆದು ತೋರಿಸಬೇಕಾಗುತ್ತದೆ. ವಾಹನದ ಹಂತದಲ್ಲಿ ಮೇಲೆ ವಿವರಿಸಿದ ದೋಷಗಳನ್ನು ಸರಿಪಡಿಸಿ, ಸದಸ್ಯರೊಬ್ಬರ ಮತ್ತು ಒಕ್ಕೂಟದ ಪ್ರತಿನಿಧಿಯ ಸಮಕ್ಷಮದಲ್ಲಿ ಟ್ಯಾಂಕ್ ತುಂಬಿಸಿ ಒಂದು ಪರೀಕ್ಷಾರ್ಥ ಅವಧಿ ಓಡಿಸಬೇಕು. ಆ ಅವಧಿಯ ಅಂಕಿಯೇ ಮುಂದಿನ ಹೋಲಿಕೆಗೆ ಆಧಾರ.

ಇಷ್ಟರ ಮೇಲೆಯೂ ಟ್ಯಾಂಕಿನ ಸಾಮರ್ಥ್ಯಕ್ಕಿಂತ ಹೆಚ್ಚಿನ ಲೀಟರಿನ ಬಿಲ್ಲು, ವಾಹನ ನಿಂತಿದ್ದ ದಿನದ ಬಿಲ್ಲು, ವಾಹನದಲ್ಲಾಗಲಿ ದಾರಿಯಲ್ಲಾಗಲಿ ಬದಲಾವಣೆಯಿಲ್ಲದೆ ಒಮ್ಮೆಗೇ ಕುಸಿದ ಮೈಲೇಜ್ ಇವು ಕಂಡುಬಂದರೆ ವಿವರಣೆ ಕೇಳುವುದು ಸಭೆಯ ಕರ್ತವ್ಯ. ಆದರೆ ಅದು ಲಿಖಿತವಾಗಿ, ದಾಖಲೆಗಳ ಸಹಿತ, ಚಾಲಕಿಗೆ ಉತ್ತರಿಸಲು ಕಾಲಾವಕಾಶ ನೀಡಿ, ಒಕ್ಕೂಟದ ಅರಿವಿನಲ್ಲಿ ನಡೆಯಬೇಕು. ಬಿಲ್ಲು ಪರಿಶೀಲಿಸಿ ಸಹಿ ಮಾಡಿದವರೂ ಅದೇ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ತುಂಬಿದ ಸಭೆಯಲ್ಲಿ ದಾಖಲೆಯಿಲ್ಲದೆ ಆಡಿದ ಒಂದು ಮಾತನ್ನು ಮರುದಿನ ಹಿಂತೆಗೆದುಕೊಂಡರೂ ಊರಿನ ಬಾಯಿಂದ ಅದನ್ನು ಹಿಂತೆಗೆದುಕೊಳ್ಳಲಾಗದು.

9. ದುರಸ್ತಿಯೋ, ವಿಲೇವಾರಿಯೋ?

ಹಳೆಯ ವಾಹನಕ್ಕೆ ಮಾಡುವ ಖರ್ಚು ಎಷ್ಟು ತಿಂಗಳಲ್ಲಿ ಮರಳುತ್ತದೆ ಎಂಬ ಲೆಕ್ಕ ಅಗತ್ಯ. ದುರಸ್ತಿಗೆ 18,000 ರೂಪಾಯಿ ತಗುಲಿ ತಿಂಗಳಿಗೆ 26 ಲೀಟರ್, ಅಂದರೆ 2,340 ರೂಪಾಯಿ ಉಳಿಯುವುದಾದರೆ ಸುಮಾರು 8 ತಿಂಗಳಲ್ಲಿ ಹಣ ಮರಳುತ್ತದೆ. ವಾಹನವು ಇನ್ನೂ ಕೆಲವು ವರ್ಷ ಸೇವೆಯಲ್ಲಿರುವುದಾದರೆ ಇದು ಲಾಭದಾಯಕ. ಎಂಜಿನ್ನನ್ನೇ ಬಿಚ್ಚಬೇಕಾದ ದೊಡ್ಡ ದುರಸ್ತಿಗೆ ಕೈಹಾಕುವ ಮುನ್ನ ವಾಹನದ ನೋಂದಣಿ ದಿನಾಂಕವನ್ನು ನೋಡತಕ್ಕದ್ದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದಂತೆ ಪಂಚಾಯತಿಗಳೂ ಸೇರಿದಂತೆ ಸರ್ಕಾರಿ ಸಂಸ್ಥೆಗಳ ವಾಹನಗಳ ನೋಂದಣಿಯು 15 ವರ್ಷಗಳ ನಂತರ ನವೀಕರಣಗೊಳ್ಳುವುದಿಲ್ಲ. 14ನೇ ವರ್ಷದಲ್ಲಿರುವ ವಾಹನಕ್ಕೆ ದೊಡ್ಡ ಮೊತ್ತ ಹೂಡುವುದು ವಿವೇಕವಲ್ಲ. ಟೈರಿನ ಗಾಳಿ, ಏರ್ ಫಿಲ್ಟರ್, ದಾರಿಯ ಮರುಯೋಜನೆ ಮಾತ್ರ ಯಾವ ವಯಸ್ಸಿನ ವಾಹನಕ್ಕೂ ಸಲ್ಲುತ್ತವೆ.

10. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ.

ಅ) ವಾಹನದ ಓಡೋಮೀಟರ್ ಕೆಲಸ ಮಾಡುತ್ತಿದೆಯೇ? ಅದರ ನಿಖರತೆಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

ಆ) ಪೂರ್ಣ ಟ್ಯಾಂಕ್ ವಿಧಾನದಲ್ಲಿ ಅಳೆದ ಕಳೆದ ಮೂರು ತಿಂಗಳ ಮೈಲೇಜ್ ಎಷ್ಟು? ತಲುಪಿದ ಮನೆಗಳ ಸಂಖ್ಯೆ ಎಷ್ಟು?

ಇ) ಟೈರಿನ ಗಾಳಿ ಅಳೆಯುವ ಗೇಜ್ ವಾಹನದಲ್ಲಿದೆಯೇ?

ಈ) ಬ್ಯಾಟರಿ ಒಂದೇ ಪ್ರಯತ್ನಕ್ಕೆ ಎಂಜಿನ್ ಹೊತ್ತಿಸುತ್ತದೆಯೇ?

ಉ) ಚಾಲಕಿಯು ಲಿಖಿತವಾಗಿ ತಿಳಿಸಿದ ಯಾವ ದುರಸ್ತಿಗಳು ಬಾಕಿ ಉಳಿದಿವೆ, ಎಷ್ಟು ದಿನಗಳಿಂದ?

ಊ) ದಿನದ ಓಟದಲ್ಲಿ ಖಾಲಿ ಓಟದ ಪಾಲು ಎಷ್ಟು?

ಋ) ಯಾವ ವಾರ್ಡುಗಳಿಂದ ಬೇರ್ಪಡಿಸದ ಕಸ ಬರುತ್ತಿದೆ? ಆ ವಾರ್ಡಿನ ಸದಸ್ಯರು ಕೈಗೊಂಡ ಕ್ರಮವೇನು?

ಈ ಏಳು ಪ್ರಶ್ನೆಗಳಲ್ಲಿ ಬಹುತೇಕ ಎಲ್ಲದಕ್ಕೂ ಉತ್ತರ ಕೊಡಬೇಕಾದವರು ಚಾಲಕಿಯಲ್ಲ, ಪಂಚಾಯತಿಯ ಕಚೇರಿ ಮತ್ತು ಸಭೆ ಎಂಬುದನ್ನು ಸದಸ್ಯರು ಗಮನಿಸಬಹುದು. ಉಳಿತಾಯವಾದ ಮೊತ್ತದಲ್ಲಿ ಒಂದು ಭಾಗವನ್ನು ಚಾಲಕಿ ಮತ್ತು ಸಹಾಯಕಿಯರ ಕೈಗವಸು, ಗಂಬೂಟು, ಆರೋಗ್ಯ ತಪಾಸಣೆಗೆ ಮೀಸಲಿಡುವಂತೆ ನಿರ್ಣಯಿಸಿದಲ್ಲಿ ಉಳಿತಾಯದಲ್ಲಿ ಅವರಿಗೂ ಪಾಲು ದೊರೆತಂತಾಗುತ್ತದೆ, ಅಳತೆಯ ಪುಸ್ತಕವೂ ಸಾಚಾ ಆಗಿ ಉಳಿಯುತ್ತದೆ.